ಬುದ್ಧನ ಮಾತು, ನಮ್ಮ ದಿನದ ಗಡಿಬಿಡಿ: ಕೊಪ್ಪಳದ ಭಾನುವಾರದ ಕೂಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಒಂದಷ್ಟು ಜನ ಸೇರಿ, ಬುದ್ಧ ಹೇಳಿದ ‘ಎಚ್ಚರ’ದ ಧ್ಯಾನಕ್ಕೆ ಉಸಿರು ಗಮನಿಸುತ್ತಾ ಅರ್ಧ ಗಂಟೆ ಸುಮ್ನೆ ಕೂರುತ್ತೇವೆ. ಆಮೇಲೆ ಚಹಾ. ಚಹಾದ ಜೊತೆ ಪ್ರಶ್ನೆಗಳು. ಕೂರುವುದಕ್ಕಿಂತ ಪ್ರಶ್ನೆಗೇ ಜಾಸ್ತಿ ಹೊತ್ತು ಹೋಗುತ್ತದೆ ಎಂದು ನಮ್ಮಲ್ಲೇ ಕೆಲವರ ತಕರಾರಿದೆ. ಹೊಸಬರು ಬಂದಾಗ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇವೆ. ಉತ್ತರಗಳಲ್ಲಿ ಬುದ್ಧನ ಉಪದೇಶ ಎಲ್ಲಿ ಮುಗಿಯಿತು, ನಮ್ಮ ಅಭಿಪ್ರಾಯ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವ ಹಾಗೆ ಬರೆಯಲು ನೋಡಿದ್ದೇವೆ.

ನಾವು ಸಂಸಾರಸ್ಥರು. ಭಿಕ್ಷುಗಳಿಗೆ ಹೇಳಿದ್ದು ನಮಗೆ ಹೇಗೆ ಹೊಂದುತ್ತೆ?

ಈ ಪ್ರಶ್ನೆಯನ್ನು ಬುದ್ಧನಿಗೇ ಒಬ್ಬರು ಕೇಳಿದ್ದಾರೆ. ದೀಘಜಾಣು ಎಂಬ ಕೋಲಿಯ ಕುಲದವನು ಬಂದು, ನಾವು ಹೆಂಡತಿ ಮಕ್ಕಳ ಜೊತೆ ಬದುಕುವವರು, ಗಂಧ ಹಚ್ಚಿಕೊಳ್ಳುವವರು, ಬೆಳ್ಳಿ ಬಂಗಾರ ಮುಟ್ಟುವವರು, ನಮಗೆ ಹೊಂದುವಂಥದ್ದು ಏನಾದರೂ ಹೇಳಿ ಎಂದ. ಬುದ್ಧ ಅವನಿಗೆ ಮನೆ ಬಿಟ್ಟು ಬಾ ಅನ್ನಲಿಲ್ಲ. ನಾಲ್ಕು ಮಾತು ಹೇಳಿದ. ಮಾಡುವ ಕೆಲಸವನ್ನು ಚೆನ್ನಾಗಿ ಕಲಿತು ಮಾಡು. ದುಡಿದದ್ದನ್ನು ಕಾಪಾಡಿಕೋ. ಒಳ್ಳೆಯವರ ಸಹವಾಸ ಮಾಡು. ಆದಾಯ ನೋಡಿಕೊಂಡು ಖರ್ಚು ಮಾಡು. ಆಮೇಲೆ ಶ್ರದ್ಧೆ, ಶೀಲ, ದಾನ, ಪ್ರಜ್ಞೆ ಎಂದು ಇನ್ನೂ ನಾಲ್ಕು ಸೇರಿಸಿದ.

ಆಸ್ತಿ ಸೋರಿಹೋಗುವ ದಾರಿಗಳನ್ನೂ ಅಲ್ಲೇ ಹೇಳಿದ್ದಾನೆ. ಕುಡಿತ ಮತ್ತು ಜೂಜು ಅದರಲ್ಲಿವೆ. ಐಪಿಎಲ್ ಶುರುವಾದರೆ ಸಾಕು, ನಮ್ಮ ಓಣಿಗಳಲ್ಲಿ ಬೆಟ್ಟಿಂಗ್‌ಗೆ ಬೈಕು ಅಡ ಇಡುವ ಹುಡುಗರಿದ್ದಾರೆ. ದೀಘಜಾಣುವಿಗೆ ಹೇಳಿದ್ದು ಇವರಿಗೂ ಹೇಳಿದ ಹಾಗೇ ಇದೆ, ಅಲ್ವಾ?

ಹಾಗಾದರೆ ಈ ‘ಎಚ್ಚರ’ ಅಂದರೆ ನಿಜವಾಗಿ ಏನು ಮಾಡುವುದು?

ಫೋನಿನಿಂದಲೇ ಶುರು ಮಾಡೋಣ. ವಾಟ್ಸಾಪ್ ಸದ್ದು ಬರುತ್ತದೆ. ಕಿವಿಗೆ ಬಿದ್ದ ತಕ್ಷಣ ಒಳಗೆ ಸಣ್ಣದೊಂದು ಹಿತವೋ ಅಹಿತವೋ ಆಗುತ್ತದೆ. ಹಿತವಾದರೆ ‘ಬೇಕು’, ಅಹಿತವಾದರೆ ‘ಬೇಡ’. ಅಷ್ಟರಲ್ಲಿ ಕೈ ಜೇಬಿಗೆ ಹೋಗಿರುತ್ತದೆ. ಬುದ್ಧ ಇದನ್ನು ಒಂದು ಸರಪಳಿಯ ಹಾಗೆ ಬಿಡಿಸಿಟ್ಟಿದ್ದಾನೆ: ಸ್ಪರ್ಶ, ಅದರಿಂದ ವೇದನೆ (ಅಂದರೆ ಆ ಹಿತ ಅಹಿತ), ಅದರಿಂದ ತೃಷ್ಣೆ (ಅಂದರೆ ಆ ‘ಬೇಕು’), ಅದರಿಂದ ಅಂಟಿಕೊಳ್ಳುವುದು. ಸದ್ದು ಬರುವುದು ನಮ್ಮ ಕೈಯಲ್ಲಿಲ್ಲ. ಹಿತ ಅಹಿತ ಆಗುವುದೂ ನಮ್ಮ ಕೈಯಲ್ಲಿಲ್ಲ. ಆದರೆ ‘ಬೇಕು’ ಹುಟ್ಟುವ ಜಾಗದಲ್ಲಿ ಒಂಚೂರು ಸಂದು ಇದೆ. ಆ ಸಂದು ಕಣ್ಣಿಗೆ ಬೀಳುವಷ್ಟು ನಿಧಾನ ಆಗುವುದೇ ಈ ಅಭ್ಯಾಸ.

ಮಾಡಿ ನೋಡಿ. ಮುಂದಿನ ಸಲ ಸದ್ದು ಬಂದಾಗ ಫೋನ್ ತೆಗೆಯಬೇಡಿ ಅನ್ನುವುದಿಲ್ಲ, ತೆಗೆಯಿರಿ. ಆದರೆ ತೆಗೆಯುವ ಮುಂಚೆ ಒಂದು ಉಸಿರು ಎಳೆದು ಬಿಡಿ. ಕೈಯಲ್ಲಿ ಒಂಥರಾ ಚಡಪಡಿಕೆ ಇರುತ್ತದೆ, ಅದನ್ನು ಗಮನಿಸಿ. ನಮ್ಮ ಕೂಟದ ಒಬ್ಬ ಬ್ಯಾಂಕ್ ಉದ್ಯೋಗಿ ಹೇಳುವ ಪ್ರಕಾರ ಆ ಚಡಪಡಿಕೆ ಅವರಿಗೆ ಹೆಬ್ಬೆರಳಿನ ಬುಡದಲ್ಲಿ ಆಗುತ್ತದಂತೆ. ನಿಮಗೆ ಎಲ್ಲಿ ಆಗುತ್ತದೋ ನೋಡಿಕೊಳ್ಳಿ.

ಕೂತರೆ ಮನಸ್ಸು ಎಲ್ಲೆಲ್ಲೋ ಓಡುತ್ತೆ. ನನಗೆ ಇದು ಆಗಲ್ಲ ಅನ್ಸುತ್ತೆ.

ಓಡಿದ್ದು ನಿಮಗೆ ಗೊತ್ತಾಯಿತಲ್ಲ, ಅದೇ ಕೆಲಸ. ಮತ್ತೆ ಉಸಿರಿಗೆ ಕರೆತನ್ನಿ. ಮತ್ತೆ ಓಡುತ್ತದೆ. ಮತ್ತೆ ಕರೆತನ್ನಿ. ಮನಸ್ಸು ಖಾಲಿ ಆಗಬೇಕು ಅಂತ ಯಾರೋ ಟಿವಿಯಲ್ಲಿ ಹೇಳಿದ್ದನ್ನು ನಂಬಿ ಜನ ಸುಮ್ನೆ ಕಷ್ಟಪಡುತ್ತಾರೆ.

ಕಣ್ಣು ಮುಚ್ಚಿದರೆ ನಿದ್ದೆ ಬರುತ್ತೆ. ಅದರಲ್ಲೂ ನೈಟ್ ಶಿಫ್ಟ್ ಮುಗಿಸಿ ಬಂದರೆ ಮುಗಿದೇ ಹೋಯ್ತು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಗಣಿ. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ರಾತ್ರಿ ಪಾಳಿ ಮಾಡುವವರು ಕಡಿಮೆ ಇಲ್ಲ. ಅವರಿಗೆ ನಾವು ಮೊದಲು ಹೇಳುವುದು: ಹೋಗಿ ಮಲಗಿ.

ಇದು ನಮ್ಮ ಸ್ವಂತ ಮಾತೇನಲ್ಲ. ಮಹಾಮೊಗ್ಗಲ್ಲಾನ ಎಂದರೆ ಬುದ್ಧನ ಇಬ್ಬರು ಮುಖ್ಯ ಶಿಷ್ಯರಲ್ಲಿ ಒಬ್ಬ. ಅವನೂ ಕೂತಲ್ಲೇ ತೂಕಡಿಸುತ್ತಿದ್ದ. ಬುದ್ಧ ಅವನಿಗೆ ಒಂದೊಂದಾಗಿ ಉಪಾಯ ಹೇಳುತ್ತಾ ಹೋಗುತ್ತಾನೆ. ನಿದ್ದೆ ತರಿಸುವ ಯೋಚನೆಯನ್ನು ಬಿಡು. ಕಲಿತದ್ದನ್ನು ನೆನಪಿಸಿಕೋ. ಬಾಯಿಪಾಠ ಹೇಳು. ಎರಡೂ ಕಿವಿ ಎಳೆದುಕೋ, ಕೈಕಾಲು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರ ನೋಡು. ಬೆಳಕನ್ನು ಮನಸ್ಸಿಗೆ ತಂದುಕೋ. ಹಿಂದೆ ಮುಂದೆ ನಡೆದಾಡು. ಇಷ್ಟಾದರೂ ಹೋಗದಿದ್ದರೆ ಬಲ ಮಗ್ಗುಲಿಗೆ ಮಲಗು, ಎಚ್ಚರವಾದ ತಕ್ಷಣ ಏಳು. ಎರಡೂವರೆ ಸಾವಿರ ವರ್ಷದ ಹಿಂದಿನ ಗುರು ಶಿಷ್ಯನಿಗೆ ಕಿವಿ ಎಳೆದುಕೋ ಅಂದದ್ದನ್ನು ಓದಿದಾಗ ನನಗಂತೂ ತುಂಬಾ ಖುಷಿಯಾಯಿತು.

ಬೇಸಿಗೆಯಲ್ಲಿ ಕೂರುವುದಾದರೂ ಹೇಗೆ?

ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕೂರಬೇಡಿ. ಬೆಳಗಿನ ಜಾವ ಮಾಳಿಗೆ ಮೇಲೆ ಕೂರಿ. ಕರೆಂಟ್ ಹೋಗಿ ಫ್ಯಾನ್ ನಿಂತಾಗ ಬೈಗುಳ ಬಾಯಿಗೆ ಬರುವ ಮುಂಚಿನ ಕ್ಷಣ ನೋಡಿಕೊಳ್ಳಿ. ಅದೂ ಅಭ್ಯಾಸವೇ.

ಕೂರಲು ಪುರುಸೊತ್ತೇ ಇಲ್ಲ. ಕೆಲಸ ಮಾಡುತ್ತಲೇ ಆಗುತ್ತಾ?

ಆಗುತ್ತದೆ. ಈ ಅಭ್ಯಾಸಕ್ಕೆ ಮೂಲವಾದ ಸತಿಪಟ್ಠಾನ ಸುತ್ತದಲ್ಲಿ (ಎಚ್ಚರದ ಬಗ್ಗೆ ಬುದ್ಧ ಕೊಟ್ಟ ಉಪದೇಶ) ಕೂರುವುದರ ಜೊತೆಗೆ ನಿಲ್ಲುವುದು, ನಡೆಯುವುದು, ಮಲಗುವುದು ಎಲ್ಲಾ ಬರುತ್ತವೆ. ಕೈ ಮಡಚುವಾಗ, ಚಾಚುವಾಗ, ಬಟ್ಟೆ ಹಾಕಿಕೊಳ್ಳುವಾಗ, ಉಣ್ಣುವಾಗ, ಕಡೆಗೆ ಶೌಚಕ್ಕೆ ಹೋದಾಗಲೂ ಏನು ಮಾಡುತ್ತಿದ್ದೇನೆ ಎಂಬುದು ತಿಳಿದಿರಲಿ ಎಂದು ಅಲ್ಲಿ ಹೇಳಿದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಜೋಳದ ರೊಟ್ಟಿಗಿಂತ ಒಳ್ಳೆಯ ಪಾಠ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಿಟ್ಟಿಗೆ ಬಿಸಿ ನೀರು ಹಾಕಿದಾಗ ಬೆರಳಿಗೆ ಚುರುಕ್ ಅನ್ನುತ್ತದೆ. ನಾದುವಾಗ ಹಿಟ್ಟು ಮೊದಲು ಒಡೆಯುತ್ತದೆ, ಆಮೇಲೆ ಹದಕ್ಕೆ ಬರುತ್ತದೆ. ಬಡಿಯುವಾಗ ರೊಟ್ಟಿ ತಾನೇ ತಿರುಗುತ್ತಾ ಹೋಗುತ್ತದೆ. ಅಂಚು ತೆಳ್ಳಗಾದ ಹಾಗೆ ಸದ್ದು ಬದಲಾಗುತ್ತದೆ. ಹೆಂಚಿನ ಮೇಲೆ ಹಾಕಿ ನೀರು ಸವರಿದ ಮೇಲೆ ಆ ಪಸೆ ಆರುವ ಒಂದು ಹೊತ್ತಿದೆ. ಮುಂಚೆ ಮಗುಚಿದರೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ. ಗಮನ ಧಾರಾವಾಹಿಯ ಕಡೆ ಹೋದರೆ ರೊಟ್ಟಿಯೇ ಹೇಳಿಬಿಡುತ್ತದೆ. ಇದನ್ನು ದಿನಾ ಮಾಡುವ ಹೆಂಗಸರಿಗೆ ನಾವು ಏಕಾಗ್ರತೆ ಕಲಿಸಬೇಕಾಗಿಲ್ಲ. ಎಲ್ಲಾ ರೊಟ್ಟಿ ಬೇಡ, ಮೊದಲ ಎರಡು ರೊಟ್ಟಿ ಪೂರ್ತಿ ಗಮನದಿಂದ ಮಾಡಿ, ಅಷ್ಟೇ. ಮನೆಯ ಗಂಡಸರೂ ಕಲಿತರೆ ಅವರಿಗೂ ಒಳ್ಳೆಯದು, ಮನೆಗೂ ಒಳ್ಳೆಯದು.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಬ್ಬರು ದಾರ ಬದಲಿಸುವ ಹೊತ್ತನ್ನು ಆರಿಸಿಕೊಂಡಿದ್ದಾರೆ. ಪೀಸ್ ಲೆಕ್ಕದ ಕೆಲಸ, ಮಷಿನ್ ನಿಲ್ಲಿಸಲು ಆಗುವುದಿಲ್ಲ. ದಾರ ಮುಗಿದಾಗ ಹೇಗೂ ನಿಲ್ಲುತ್ತದೆ. ಆಗ ಹೆಗಲು ಎಷ್ಟು ಬಿಗಿದುಕೊಂಡಿದೆ ಎಂದು ನೋಡಿ ಸಡಿಲ ಬಿಡುತ್ತಾರೆ.

ಎಷ್ಟು ದಿನಕ್ಕೆ ಫಲ ಸಿಗುತ್ತೆ?

ಇದಕ್ಕೆ ನಮ್ಮ ಊರಿನ ಬಂಡೆಯ ಮೇಲೇ ಉತ್ತರ ಇದೆ. ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೋಳದಲ್ಲಿ ಒಂದೊಂದು. ಮೂರು ಜಿಲ್ಲೆಗಳಲ್ಲಿ ಐದು ಜಾಗ. 1915ರಲ್ಲಿ ಮಸ್ಕಿಯ ಶಾಸನ ಸಿಕ್ಕಾಗ ಅದರಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಅಲ್ಲಿಯ ತನಕ ಸಿಕ್ಕ ಶಾಸನಗಳಲ್ಲಿ ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಇದ್ದವು. ಇದು ಶಾಲೆಯಲ್ಲಿ ಎಲ್ಲರೂ ಓದಿದ್ದು.

ಆದರೆ ಅದರಲ್ಲಿ ಏನು ಬರೆದಿದೆ ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅಶೋಕ ಹೇಳುವುದು ಹೀಗೆ: ನಾನು ಉಪಾಸಕನಾಗಿ (ಮನೆಯಲ್ಲಿದ್ದೇ ಬುದ್ಧನನ್ನು ಅನುಸರಿಸುವವನಾಗಿ) ಎರಡೂವರೆ ವರ್ಷಕ್ಕೂ ಜಾಸ್ತಿ ಆಯಿತು. ಮೊದಲು ಒಂದು ವರ್ಷ ಅಂಥಾ ಪ್ರಯತ್ನ ಮಾಡಲಿಲ್ಲ. ಸಂಘದ (ಭಿಕ್ಷುಗಳ ಸಮುದಾಯದ) ಹತ್ತಿರ ಹೋದ ಮೇಲೆ, ಈ ಒಂದು ವರ್ಷದಿಂದ ಚೆನ್ನಾಗಿ ಪ್ರಯತ್ನ ಮಾಡಿದ್ದೇನೆ. ಇದು ದೊಡ್ಡವರಿಂದ ಮಾತ್ರ ಆಗುವುದಲ್ಲ, ಪ್ರಯತ್ನ ಮಾಡಿದರೆ ಸಣ್ಣವರಿಂದಲೂ ಆಗುತ್ತದೆ.

ಚಕ್ರವರ್ತಿ ತಾನೊಂದು ವರ್ಷ ಉದಾಸೀನ ಮಾಡಿದ್ದನ್ನು ಕಲ್ಲಿನಲ್ಲಿ ಕೊರೆಸಿದ್ದಾನೆ. ನೀವು ಎರಡು ವಾರ ಕೂತು, ಏನೂ ಆಗಲಿಲ್ಲ ಅಂತ ಬಿಡಬೇಕಾಗಿಲ್ಲ. ಮತ್ತೆ, ಅವನು ಗಟ್ಟಿಯಾದದ್ದು ಒಬ್ಬನೇ ಕೂತಾಗ ಆಗಿರಲಿಲ್ಲ, ಸಂಘದ ಜೊತೆ ಸೇರಿದ ಮೇಲೆ. ನಮ್ಮ ಭಾನುವಾರದ ಕೂಟಕ್ಕೆ ಇದೇ ಆಧಾರ. ಸತಿಪಟ್ಠಾನ ಸುತ್ತದ ಕೊನೆಯಲ್ಲಿ ಏಳು ವರ್ಷದಿಂದ ಹಿಡಿದು ಏಳು ದಿನದ ತನಕ ಅವಧಿ ಹೇಳಿದೆ. ಏಳು ದಿನದ ಲೆಕ್ಕ ಹಿಡಿದುಕೊಂಡು ಯಾರೂ ಬರಬೇಡಿ.

(ಗವಿಮಠಕ್ಕೆ ಹೋದಾಗ ಶಾಸನದ ಅಕ್ಷರಗಳ ಮೇಲೆ ಬೆರಳು ಆಡಿಸಬೇಡಿ. ಪಕ್ಕದಲ್ಲಿ ನಿಮ್ಮ ಹೆಸರು ಬರೆಯಬೇಡಿ. ಇದನ್ನೂ ಹೇಳಬೇಕಾಗಿದೆ.)

ಸಾಲ, ಬೆಳೆ, ರೇಟು. ಇಷ್ಟೆಲ್ಲಾ ತಲೆ ಮೇಲಿರುವಾಗ ಉಸಿರು ನೋಡಿಕೊಂಡು ಕೂತರೆ ಏನು ಬಂತು?

ಉಸಿರು ನೋಡಿದರೆ ಸಾಲ ತೀರುವುದಿಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ.

ಬುದ್ಧ ಎರಡು ಬಾಣಗಳ ಮಾತು ಹೇಳುತ್ತಾನೆ. ಮೊದಲ ಬಾಣ ಎಲ್ಲರಿಗೂ ತಗಲುತ್ತದೆ, ತಿಳಿದವನಿಗೂ, ತಿಳಿಯದವನಿಗೂ. ತಿಳಿಯದವನಿಗೆ ಅದರ ಹಿಂದೆಯೇ ಎರಡನೆಯದೂ ಬೀಳುತ್ತದೆ: ಗೋಳು, ಎದೆ ಬಡಿದುಕೊಳ್ಳುವುದು, ಕಂಗಾಲಾಗುವುದು.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಆ ದಿನಗಳನ್ನು ನೆನಪು ಮಾಡಿಕೊಳ್ಳಿ. ತುಂಬಿದ ಜಲಾಶಯದ ನೀರು ಕಣ್ಣೆದುರೇ ನದಿಗೆ ಹೋಗುತ್ತಿತ್ತು. ಅದು ಮೊದಲ ಬಾಣ, ನಿಜವಾದದ್ದು. ರಾತ್ರಿ ನಿದ್ದೆಗೆಟ್ಟು ಎರಡನೇ ಬೆಳೆ ಹೋಯಿತು, ಮಗಳ ಮದುವೆ ಹೋಯಿತು, ಹೊಲ ಮಾರಬೇಕಾಯಿತು ಎಂದು ಮನಸ್ಸಿನಲ್ಲೇ ವರ್ಷವೆಲ್ಲಾ ಬದುಕಿ ಮುಗಿಸಿದವರಿದ್ದರು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂಡಿಸಿದರು. ಅಷ್ಟರಲ್ಲಿ ಎಷ್ಟೋ ಜನರ ಬಿಪಿ ಏರಿತ್ತು.

ಕಷ್ಟ ಸುಳ್ಳು ಅಂತ ಇದರ ಅರ್ಥ ಮಾಡಬೇಡಿ. ಯಾವುದು ಆಗಿದೆ, ಯಾವುದನ್ನು ನಾವು ಸೇರಿಸುತ್ತಿದ್ದೇವೆ ಎಂದು ಬೇರೆ ಬೇರೆ ಕಂಡರೆ ಮೊದಲ ಬಾಣಕ್ಕೆ ಮದ್ದು ಮಾಡಲು ಕೈಯಲ್ಲಿ ಶಕ್ತಿ ಉಳಿಯುತ್ತದೆ. ಬೆಳೆ ವಿಮೆಯ ಕಾಗದ ಹುಡುಕುವುದು, ಬ್ಯಾಂಕಿಗೆ ಹೋಗಿ ಮಾತಾಡುವುದು, ಮನೆಯವರಿಗೆ ಸಾಲದ ನಿಜವಾದ ಲೆಕ್ಕ ಹೇಳುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ.

ಹಾಗಾದರೆ ಅನ್ಯಾಯ ಆದರೂ ಶಾಂತವಾಗಿ ಇದ್ದುಬಿಡಬೇಕಾ?

ಇಲ್ಲ. ಈ ಪ್ರಶ್ನೆಗೆ ನಾವು ಮೆತ್ತಗೆ ಉತ್ತರ ಕೊಡುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ಬರದಿದ್ದರೆ ಅವರು ರಸ್ತೆಗೆ ಇಳಿಯಲೇಬೇಕು. ಕೂಲಿ ಬಾಕಿ ಇದ್ದರೆ ಕೇಳಲೇಬೇಕು. ಕೆಲಸಗಾರರಿಗೆ ಧ್ಯಾನದ ಕ್ಲಾಸ್ ಕೊಡಿಸಿ ಪಾಳಿಯ ಹೊತ್ತು ಹೆಚ್ಚಿಸುವವರು ಬುದ್ಧನ ಹೆಸರು ಹೇಳದಿದ್ದರೆ ಒಳ್ಳೆಯದು.

ನಮ್ಮ ಕಡೆ ಎಷ್ಟೋ ಮನೆಗಳಿಗೆ ಬುದ್ಧ ಬಂದದ್ದು ಬಾಬಾಸಾಹೇಬ್ ಅಂಬೇಡ್ಕರ್ ಅವರ ಕೈ ಹಿಡಿದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರ ಜೊತೆ ಬೌದ್ಧ ಧಮ್ಮ ಸ್ವೀಕರಿಸಿದರು, 22 ಪ್ರತಿಜ್ಞೆ ಬೋಧಿಸಿದರು. ಈಗಿನ ದುಃಖಕ್ಕೆ ಹಿಂದಿನ ಜನ್ಮದ ಕರ್ಮವೇ ಕಾರಣ ಎಂದು ಬಡವರ ಬಾಯಿ ಮುಚ್ಚಿಸುವ ಮಾತನ್ನು ಅವರು ಒಪ್ಪಲಿಲ್ಲ. ಮನುಷ್ಯ ಮನುಷ್ಯನಿಗೆ ಕೊಡುವ ದುಃಖವೂ ದುಃಖವೇ. ಅದನ್ನು ತೆಗೆಯುವುದೂ ಧಮ್ಮದ ಕೆಲಸವೇ. ಧ್ಯಾನ ಬೇರೆ, ಹೋರಾಟ ಬೇರೆ ಎಂದು ಇಬ್ಭಾಗ ಮಾಡುವವರ ಜೊತೆ ನಮಗೆ ಜಗಳವೇ ಇದೆ. ಶಾಂತ ಮನಸ್ಸಿನ ಜಗಳ ಅಂತಿಟ್ಟುಕೊಳ್ಳಿ.

ಎಚ್ಚರದಿಂದ ಆಗುವ ಲಾಭ ಏನೆಂದರೆ, ಅಧಿಕಾರಿಯ ಮೇಜಿನ ಮುಂದೆ ನಿಂತಾಗ ಕೂಗಾಟದಲ್ಲಿ ವಿಷಯ ಕಳೆದುಹೋಗುವುದಿಲ್ಲ. ಅರ್ಜಿಯ ನಂಬರು, ತಾರೀಖು, ಸಹಿ ನೆನಪಿರುತ್ತವೆ.

ಯಾರಾದರೂ ಮುಖದ ಮೇಲೆ ಬೈದರೆ?

ಭಾರದ್ವಾಜ ಎಂಬ ಬ್ರಾಹ್ಮಣ ಬಂದು ಬುದ್ಧನನ್ನು ಬಾಯಿಗೆ ಬಂದ ಹಾಗೆ ಬೈದ. ಬುದ್ಧ ಕೇಳಿದ: ನಿನ್ನ ಮನೆಗೆ ನೆಂಟರು ಬರುತ್ತಾರಾ? ಬರುತ್ತಾರೆ. ಅವರಿಗೆ ಊಟ ಬಡಿಸುತ್ತೀಯಾ? ಬಡಿಸುತ್ತೇನೆ. ಅವರು ಉಣ್ಣದಿದ್ದರೆ ಆ ಊಟ ಯಾರದ್ದು? ನನ್ನದೇ. ಹಾಗೇ ನಿನ್ನ ಬೈಗುಳ ನಾನು ತೆಗೆದುಕೊಳ್ಳಲಿಲ್ಲ, ಅದು ನಿನ್ನ ಹತ್ತಿರವೇ ಉಳಿಯಿತು.

ಬಸ್ ಸ್ಟ್ಯಾಂಡಿನಲ್ಲಿ, ಫೇಸ್‌ಬುಕ್ಕಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮನೆಯೊಳಗೆ ದಿನಾ ಬೈಯುವವರು, ಹೊಡೆಯುವವರು ಇದ್ದರೆ ಈ ಕಥೆ ಹಿಡಿದುಕೊಂಡು ಸಹಿಸಬೇಡಿ. ತವರಿಗೋ, ಪೊಲೀಸ್ ಠಾಣೆಗೋ, 181 ಮಹಿಳಾ ಸಹಾಯವಾಣಿಗೋ ಹೇಳಿ.

ನನ್ನದು ಗೊಬ್ಬರ, ಎಣ್ಣೆ ಅಂಗಡಿ. ವಿಷ ಮಾರುವುದು ಬುದ್ಧನಿಗೆ ಒಪ್ಪಿಗೆ ಇಲ್ಲ ಅಂತಾರೆ. ಅಂಗಡಿ ಮುಚ್ಚಬೇಕಾ?

ಹೊರಗಿನವರಿಗೆ ಒಂದು ಮಾತು: ನಮ್ಮ ಕಡೆ ರೈತರು ‘ಎಣ್ಣೆ ಹೊಡೆಯುವುದು’ ಅಂದರೆ ಬೆಳೆಗೆ ಕೀಟನಾಶಕ ಸಿಂಪಡಿಸುವುದು. ಗಂಗಾವತಿ, ಸಿಂಧನೂರು ಭತ್ತದ ಸೀಮೆಯಲ್ಲಿ ಈ ಅಂಗಡಿಗಳು ಬೇಕಾದಷ್ಟಿವೆ. ಹಾಗಾಗಿ ಈ ಪ್ರಶ್ನೆಯೂ ಬರುತ್ತದೆ.

ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧ ಹೆಸರಿಸಿದ್ದು ನಿಜ: ಆಯುಧ, ಜೀವಿಗಳು, ಮಾಂಸ, ಮಾದಕ ಪದಾರ್ಥ, ವಿಷ. ಕೀಟನಾಶಕ ವಿಷವೇ, ಅದರಲ್ಲಿ ಸುತ್ತಿ ಬಳಸಿ ಹೇಳುವುದು ಬೇಡ. ಆದರೆ ಬೇರೆ ದಾರಿ ಇಲ್ಲದವರಿಗೆ ನಾಳೆಯೇ ಬಾಗಿಲು ಹಾಕಿ ಎಂದು ಚಹಾ ಕುಡಿಯುತ್ತಾ ಹೇಳುವ ಹಕ್ಕು ನಮಗಿಲ್ಲ.

ನಾವು ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ್ದನ್ನು ನೆನಪಿಸುತ್ತೇವೆ. ಕನ್ನಡಿ ಇರುವುದು ನೋಡಿಕೊಳ್ಳುವುದಕ್ಕೆ. ಹಾಗೇ ಕೆಲಸ ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೋ: ಇದರಿಂದ ನನಗೆ, ಬೇರೆಯವರಿಗೆ ಕೇಡಾಗುತ್ತದಾ? ಅಂಗಡಿಯಲ್ಲಿ ಹೀಗೆ ನೋಡಿಕೊಂಡರೆ ಮಾಡಬೇಕಾದ್ದು ಬಹಳ ಇದೆ. ಎಲೆ ನೋಡದೆ, ರೋಗ ಕೇಳದೆ ಜಾಸ್ತಿ ಮಾರ್ಜಿನ್ ಇರುವ ಡಬ್ಬಿ ಕೊಡುವುದನ್ನು ಬಿಡಬಹುದು. ಎಕರೆಗೆ ಎಷ್ಟು ಎಂಬುದನ್ನು ಓದಿ ಹೇಳಬಹುದು. ಕೈಗವಸು, ಮಾಸ್ಕ್ ಇಲ್ಲದೆ ಕೊಡುವುದಿಲ್ಲ ಅನ್ನಬಹುದು. ಮುಖ ಬಾಡಿಸಿಕೊಂಡು ಬಂದವನು ಬೆಳೆಯ ಹೆಸರು ಹೇಳಲು ತಡವರಿಸಿದರೆ ಡಬ್ಬಿ ಕೊಡದೆ ಕೂರಿಸಿ ಮಾತಾಡಿಸಬಹುದು. ಇದು ನಮ್ಮ ಜಿಲ್ಲೆಗಳಲ್ಲಿ ಸಣ್ಣ ವಿಷಯವಲ್ಲ. ಇಷ್ಟನ್ನೂ ಮಾಡುತ್ತಾ ಬಂದರೆ ಅಂಗಡಿ ಬೇಕೋ ಬೇಡವೋ ಎಂಬುದು ನಿಮಗೇ ತಿಳಿಯುತ್ತದೆ.

ಖಿನ್ನತೆಗೆ ಮಾತ್ರೆ ತಗೋತಿದ್ದೇನೆ. ಧ್ಯಾನ ಶುರು ಮಾಡಿ ಮಾತ್ರೆ ಬಿಡಬಹುದಾ?

ಬಿಡಬೇಡಿ. ಡಾಕ್ಟರನ್ನು ಕೇಳದೆ ಮಾತ್ರೆ ಮುಟ್ಟಬೇಡಿ. ಈ ಅಭ್ಯಾಸವನ್ನು ಆಸ್ಪತ್ರೆಗೆ ತಂದ ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ತರಬೇತಿ ಶುರು ಮಾಡಿದಾಗಲೂ ಅದು ಚಿಕಿತ್ಸೆಯ ಜೊತೆಗೆ ನಡೆಯುವ ತರಬೇತಿಯಾಗಿತ್ತು.

ಕೆಲವರಿಗೆ ಕಣ್ಣು ಮುಚ್ಚಿದರೆ ಹಳೆಯ ಭಯ ಎದ್ದು ಬರುತ್ತದೆ. ಅವರು ಕಣ್ಣು ತೆರೆದೇ ಇರಲಿ, ನಡೆಯಲಿ, ಪಾದ ನೆಲಕ್ಕೆ ತಾಗುವುದನ್ನು ಗಮನಿಸಲಿ. ಭಯ ಹೆಚ್ಚಾದರೆ ನಿಲ್ಲಿಸಲಿ. ಸಾಯಬೇಕು ಅನ್ನಿಸಿದರೆ ಧ್ಯಾನ ಪಕ್ಕಕ್ಕಿಡಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ, ಅಲ್ಲಿಗೆ ಹೋಗಲು ನಾಚಿಕೆ ಬೇಡ. ಜೊತೆಗೆ ಬರಬೇಕೆಂದರೆ ನಾವು ಬರುತ್ತೇವೆ.

ಇದಕ್ಕೆ ಧರ್ಮ ಬದಲಿಸಬೇಕಾ?

ಬೇಡ. ನಮ್ಮ ಕೂಟದಲ್ಲಿ ಇಷ್ಟಲಿಂಗ ಪೂಜೆ ಮಾಡುವವರಿದ್ದಾರೆ, ನಮಾಜ್ ಮಾಡುವವರಿದ್ದಾರೆ, ಧಮ್ಮ ದೀಕ್ಷೆ ಪಡೆದವರಿದ್ದಾರೆ, ಯಾವುದೂ ಬೇಡ ಅನ್ನುವವರೂ ಇದ್ದಾರೆ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಬಂದರೆ ಅರ್ಧ ಕೂಟ ದಾಸೋಹದ ಸೇವೆಗೆ ಹೋಗಿರುತ್ತದೆ. ಕಾಲಾಮ ಎಂಬ ಕುಲದವರಿಗೆ ಬುದ್ಧ ಹೇಳಿದ್ದೂ ಅದೇ: ಪರಂಪರೆ ಅಂತಲೋ, ಗ್ರಂಥದಲ್ಲಿದೆ ಅಂತಲೋ, ಹೇಳಿದವನು ಗುರು ಅಂತಲೋ ಒಪ್ಪಬೇಡಿ. ಒಳ್ಳೆಯದಾ ಕೆಟ್ಟದ್ದಾ ಎಂದು ನೀವೇ ತಿಳಿದುಕೊಳ್ಳಿ.

ಮನೆಯಲ್ಲಿ ನಗುವ ಬುದ್ಧ ಇದೆ. ಯಾವ ದಿಕ್ಕಿಗೆ ಇಡಬೇಕು?

ಎಲ್ಲಿ ಬೇಕಾದರೂ ಇಡಿ. ಆ ಹೊಟ್ಟೆಯ ಅಜ್ಜ ಗೌತಮ ಬುದ್ಧ ಅಲ್ಲ, ಬುದಾಯ್ ಎಂಬ ಚೀನಾದ ಭಿಕ್ಷು.

ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಲೇಬೇಕಾ?

ಹೋಗಲೇಬೇಕು ಅಂತಿಲ್ಲ. ಹೋದರೆ ಒಳ್ಳೆಯದು. ವಿಪಶ್ಯನ ಧ್ಯಾನ ಕಲಿಸಿದ ಎಸ್. ಎನ್. ಗೋಯೆಂಕಾ ಅವರ ಪದ್ಧತಿಯ ಶಿಬಿರಗಳು ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ನಡೆಯುತ್ತವೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಫೀಸಿಲ್ಲ. ಶಿಬಿರ ಮುಗಿಸಿದವರು ಮುಂದೆ ಬರುವವರಿಗಾಗಿ ಕೊಡುವ ದಾನದಿಂದ ನಡೆಯುತ್ತದೆ. ಬೆಳಿಗ್ಗೆ 4ಕ್ಕೆ ಗಂಟೆ ಹೊಡೆಯುತ್ತಾರೆ. ಫೋನ್ ಒಪ್ಪಿಸಬೇಕು. ಹತ್ತನೇ ದಿನದ ತನಕ ಮಾತಿಲ್ಲ. ಮೊದಲ ಮೂರು ದಿನ ಉಸಿರು ಮಾತ್ರ, ಆಮೇಲೆ ಮೈಯಲ್ಲಿ ಆಗುವ ಸಂವೇದನೆಗಳು. ರಾತ್ರಿ ಊಟ ಇಲ್ಲ. ಹೊಸಬರಿಗೆ ಸಂಜೆ ಚಹಾ, ಹಣ್ಣು ಕೊಡುತ್ತಾರೆ. ಎರಡನೇ ದಿನ ಬ್ಯಾಗ್ ಎತ್ತಿಕೊಂಡು ಓಡಿಹೋಗಬೇಕು ಅನ್ನಿಸುವುದು ಮಾಮೂಲು.

ಮಾನಸಿಕ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹತ್ತು ದಿನ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲೇ ಮಾತಾಡಿ. ರೈತರಾದರೆ ಭತ್ತದ ಕಟಾವಿನ ಹೊತ್ತಿಗೆ ಹೆಸರು ಕೊಡಬೇಡಿ. ಮಿಷಿನ್ ಸಿಕ್ಕಿತೋ ಇಲ್ಲವೋ, ಮಳೆ ಬಂತೋ ಏನೋ ಅಂತ ಹತ್ತೂ ದಿನ ಮನಸ್ಸು ಹೊಲದಲ್ಲೇ ಇರುತ್ತದೆ. ಫೋನ್ ಬೇರೆ ಕೈಯಲ್ಲಿ ಇರುವುದಿಲ್ಲ.